ಅಕ್ಕಾರನ್ನ ಘಾಟು ಇಳಿಸಿದ್ದು

ಗಾಡಿಗೆ ಮೊದಲು ಏರಿದ್ದು ಜ್ವಾಳದ ಹಿಟ್ಟಿನ ಚೀಲ. ಆಮ್ಯಾಲ ಗ್ಯಾಸಿನ ಸಿಲಿಂಡರು, ಒಲಿ, ಹಂಚು, ಶೇಂಗಾ ಹಿಂಡಿ ಡಬ್ಬಿ, ಜಳಕದ ನೀರು ಕಾಸಾಕ ಒಂದು ತಾಮ್ರದ ಹಂಡೆ. ಮಂದಿ ಏರಿದ್ದು ಕಟ್ಟಕಡೀಕ. ನಾ ಹುಮನಾಬಾದ ಬಾಜೂಕಿನ ಹುಡಗಿ ಅನ್ನೋ ಊರಾಕಿ. ದೂರದ ಪ್ರವಾಸಕ್ಕ ಹೋಗೋರ ಸಂಗಡ ಅಡಿಗಿ ಮಾಡಾಕ ಹೋಗೋದು ನನ್ನ ಕೆಲಸ. ಕಾಶಿ, ಕೇದಾರ, ಶ್ರೀಶೈಲ ಎಲ್ಲಾ ಕಡೆ ಒಲಿ ಹೂಡೀನಿ. ನಮ್ಮ ಕಡೆ ಮಂದಿಗೆ ದೇವರ ದರ್ಶನ ತಡ ಆದ್ರ ನಡೀತದ, ರೊಟ್ಟಿ ತಡ ಆದ್ರ ಮಾತ್ರ ಗಾಡಿಯೊಳಗ ಜಗಳ ಸುರು ಆಗ್ತದ.

ಈ ಸಲದ್ದು ದೇವರ ಯಾತ್ರಾ ಅಲ್ಲ. ಬಸವಕಲ್ಯಾಣದಾಗ ಅರಿವಿ ಅಂಗಡಿ ಇಟ್ಟ ಒಬ್ರು ಸಾವಕಾರ್ರು ತಮ್ಮ ಅಕ್ಕಗ ಬರ್ಫಿನ ಗುಡ್ಡ ತೋರಿಸಾಕ ಹೊಂಟಿದ್ರು. ಮನಾಲಿಲಿಂದ ಲೇಹ್‌ತನಕ ಗಾಡಿ ಮ್ಯಾಲೆ ಹೋಗೋದು, ದಾರಿಯಾಗ ಒಂದರ ಹಿಂದ ಒಂದು ಘಾಟು ದಾಟೋದು. ಟೀವ್ಯಾಗ ಆ ದಾರಿ ಕಂಡಾಗ ಅಕ್ಕಾರು, "ಇದು ಖರೇನ ಭೂಮಿ ಮ್ಯಾಲೆ ಅದ ಏನೋ ತಮ್ಮಾ?" ಅಂದಿದ್ರಂತ. ಅದು ಸಾವಕಾರ್ರ ಮನಸಿನ್ಯಾಗ ಕುಂತುಬಿಟ್ಟಿತ್ತು. ಜೀವಮಾನದಾಗ ಅಕ್ಕ ನನ್ನ ಹಂತ್ಯಾಕ ಏನೂ ಬೇಡಿಲ್ಲ, ಇದೂ ಬೇಡಿಲ್ಲ, ಬರೇ ಕೇಳ್ಯಾಳ, ಅಂತಿದ್ರು.

ಅಕ್ಕಾರದು ಕೊಹಿನೂರ ಅನ್ನೋ ಊರು. ತಾಯಿ ತೀರಿಕೊಂಡಾಗ ಸಾವಕಾರ್ರು ಇನ್ನಾ ಅಂಬೆಗಾಲು ಇಡೋ ಕೂಸು. ಅಕ್ಕಾರು ಲಗ್ನ ಆಗಿ ಗಂಡನ ಮನಿಗೆ ಹೋಗುವಾಗ ತಮ್ಮನ್ನೂ ಬಗಲಾಗ ಹೊತಗೊಂಡೇ ಹೋಗಿದ್ರು. ಅತ್ತಿ ಮನ್ಯಾಗ ಏನೇನು ಮಾತು ಕೇಳಿಸ್ಕೊಂಡ್ರೋ, ಒಂದೂ ಹೇಳತಿದ್ದಿಲ್ಲ. ನಾ ನೋಡಿದಾಗ ಅರವತ್ತು ದಾಟಿದ್ರು. ಗಂಡ ಇರಲಿಲ್ಲ, ಹೊಲ ಅವರೇ ನೋಡ್ಕೋತಿದ್ರು. ತೊಗರಿ ರಾಶಿ ಆಗುವಾಗ ಕಣದಾಗ ಕುರ್ಚಿ ಹಾಕ್ಕೊಂಡು ಕುಂದರೋರಲ್ಲ, ಸೆರಗು ಸಿಗಿಸಿ ತಾವೇ ತೂರಾಕ ನಿಲ್ಲೋರು.

ಅವರದೊಂದು ಕಟ್ಟುನಿಟ್ಟು ಇತ್ತು. ಮುಂಜಾನೆ ಜಳಕ ಆಗಬೇಕು, ಎದಿ ಮ್ಯಾಲಿನ ಲಿಂಗ ಬಿಚ್ಚಿ ಅಂಗೈಯಾಗ ಹಿಡದು ಪೂಜಿ ಆಗಬೇಕು, ಆಮ್ಯಾಲೇ ಬಾಯಾಗ ನೀರು. ಚಹಾ ಅಲ್ಲ, ನೀರೂ ಇಲ್ಲ. ನಮ್ಮ ಕಡೆ ಹಿರಿಯರೊಳಗ ಇದು ಹೊಸಾ ಮಾತಲ್ಲ. ಪೂಜಿ ಹೊತ್ತಾದ್ರ ಅವರ ತಲಿ ಸಿಡೀತಿತ್ತು, ಮಾರಿ ಬಾಡತಿತ್ತು, ನಡಿಯುವಾಗ ಗ್ವಾಡಿ ಹಿಡೀತಿದ್ರು. ಪೂಜಿ ಆಗಿ ಒಂದು ತಂಬಗಿ ನೀರು ಕುಡದ್ರಂದ್ರ ಮತ್ತ ಗಟ್ಟಿಮುಟ್ಟ. ಹಿಂಗಾಗಿ ಅವರ ತಲಿನೋವಿಗೆ ಮನ್ಯಾಗ ಯಾರೂ ಗುಳಿಗಿ ಕೊಡತಿದ್ದಿಲ್ಲ. "ಪೂಜಿ ಆಗಿಲ್ಲಲ್ಲ, ಅದಕ" ಅಂತ ಹಂಡೆಗೆ ಉರಿ ಹಚ್ಚತಿದ್ರು.

ಗಾಡಿ ಹುಮನಾಬಾದದ ಡ್ರೈವರ್ದು. ಎಲ್ಲಾರೂ ಮಾಮು ಅಂತಿದ್ವಿ. ಹಿಂದ ಲಾರಿ ತಗೊಂಡು ಆ ಕಡೆ ಭಾಳ ಸಲ ಹೋಗಿ ಬಂದಾವ. ಮನಾಲಿ ಬಿಡೋಕಿಂತ ಮೊದಲ ಎಲ್ಲಾರನ್ನೂ ನಿಂದರಿಸಿ ಎರಡು ಮಾತು ಹೇಳಿದ. ಒಂದು, ಮುಂಜಾನೆ ಬೆಳಕು ಹರಿಯೋದೊಳಗ ಗಾಡಿ ಹೊಂಡಬೇಕು. ಬಿಸಿಲು ಏರಿದಂಗ ಮ್ಯಾಲಿನ ಬರ್ಫ ಕರಗಿ ರಸ್ತಾಕ ಹಳ್ಳ ಬರ್ತಾವ, ಮಧ್ಯಾಹ್ನ ಆದ್ರ ದಾಟಾಕ ಬರಾಂಗಿಲ್ಲ. ಇನ್ನೊಂದು, ಎಲ್ಲಾರೂ ನೀರು ಕುಡೀತಾ ಇರಬೇಕು, ತಲಿ ನೋಯ್ದ್ರ ಮುಚ್ಚಿಡಬಾರದು. ಈ ಎರಡು ಮಾತೂ ಅಕ್ಕಾರ ಜಳಕಕ್ಕ ಅಡ್ಡ ಬರ್ತಾವ ಅಂತ ಅವತ್ತು ಯಾರ ತಲಿಗೂ ಹೊಳೀಲಿಲ್ಲ.

ದಾರಿಯಾಗ ಕೇಲಾಂಗ ಅನ್ನೋ ಊರಾಗ ಎರಡು ರಾತ್ರಿ ಉಳಿದ್ವಿ. ಮೈಗೆ ಆ ಗಾಳಿ ರೂಢಿ ಆಗ್ಲಿ ಅಂತ ಮಾಮೂನ ಹಟ. ಅಲ್ಲಿ ಎಲ್ಲಾ ಛಲೋ ನಡೀತು. ನಾ ನಸುಕಿನ್ಯಾಗ ಹಂಡೆ ಇಟ್ಟೆ, ಅಕ್ಕಾರ ಜಳಕ ಆತು, ಪೂಜಿ ಆತು, ರೊಟ್ಟಿ ಪುಂಡಿಪಲ್ಯ ಉಂಡ್ರು. ಸಾವಕಾರ್ರ ಹೆಂಡ್ತಿಗೆ ನಾವು ವೈನಿ ಅಂತಿದ್ವಿ. ವೈನಿ ಫೋನ್ ಹಿಡದು ಗುಡ್ಡ ತೋರಿಸಿ ತೋರಿಸಿ ಊರಿನವರ ಸಂಗಡ ಮಾತಾಡಿದ್ದೇ ಮಾತಾಡಿದ್ದು.

ಮುಂದ ಬಾರಾಲಾಚಾ ಅನ್ನೋ ಘಾಟು. ರಸ್ತಾದ ಎರಡೂ ಕಡೆ ಆಳೆತ್ತರ ಬರ್ಫ, ಗಾಡಿ ಹೊಗಿ ಕೂತು ಮಾಸಿತ್ತು. ಅಕ್ಕಾರು ಕೆಳಗಿಳದು, ಒಳಗ ಕೈ ತೂರಿಸಿ ಬೆಳ್ಳಂದು ಹುಡುಕಿ ತೆಗೆದ್ರು. "ಅಯ್ಯ, ಇದು ಉರೀತದಲ್ಲೋ ತಮ್ಮಾ" ಅಂದ್ರು. ಆಮ್ಯಾಲ ಮಾರಿ ಮ್ಯಾಲೆ ಏನೂ ತೋರಿಸದಂಗ ಹಿಂದ ಹೋಗಿ ಸಾವಕಾರ್ರ ಅಂಗಿ ಕಾಲರಿನೊಳಗ ಅದನ್ನ ಬಿಟ್ರು. ಐವತ್ತು ದಾಟಿದ ಮನಿಷಾ, ಸಣ್ಣ ಹುಡುಗರಂಗ ಜಿಗದಾಡಿದ್ರು. ಅಕ್ಕಾರು ನಕ್ಕು ನಕ್ಕು ಗಾಡಿಗೆ ಆತುಕೊಂಡು ನಿಂತ್ರು. ಉಸಿರು ಹತ್ತಿ ಮತ್ತ ಮಾತಾಡಾಕ ಸ್ವಲ್ಪ ಹೊತ್ತು ಹಿಡೀತು. ಅಲ್ಲಿ ಎಲ್ಲಾರಿಗೂ ಉಸಿರು ಹತ್ತತಿತ್ತು, ನಾವು ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.

ಅವತ್ತು ಸರ್ಚು ಅನ್ನೋ ಬಯಲಿನ್ಯಾಗ ಡೇರೆದೊಳಗ ಮುಕ್ಕಾಮು. ಹೊತ್ತು ಇನ್ನಾ ಇತ್ತು, ರೊಟ್ಟಿಗೆ ಎಸರು ಇಟ್ಟೆ. ಕೊತಕೊತ ಕುದಿಯೋ ನೀರು ಬಿದ್ರನ ಜ್ವಾಳದ ಹಿಟ್ಟು ಜಿಗಿ ಹಿಡೀತದ, ಇಲ್ಲಾಂದ್ರ ಬಡಿಯುವಾಗ ಅಂಚು ಹರೀತಾವ. ಅಲ್ಲಿ ನೀರು ಲಗೂನೇ ಗುಳ್ಳಿ ಎದ್ದು ಕುದೀತು, ಆದ್ರ ಅದರಾಗ ಬೇಕಾದಷ್ಟು ಬಿಸಿ ಇಲ್ಲ. ಹಿಟ್ಟು ಕಲಿಸಿದೆ, ಬಡದೆ, ಹರೀತು. ಮತ್ತ ಬಡದೆ, ಮತ್ತ ಹರೀತು. ನನಗ ಸಿಟ್ಟು ಬಂದು ಪರಾತ ದೂಡಿದೆ.

"ಇಷ್ಟು ಎತ್ತರದಾಗ ನೀರೂ ಸುಳ್ಳ ಹೇಳ್ತದ ಬೆಹೆನ್," ಅಂದ ಮಾಮು. "ಕುಕ್ಕರಿನ್ಯಾಗ ಖಿಚಡಿ ಇಡು, ಬಸ್."

ಅಕ್ಕಾರು ಕಂಬಳಿ ಹೊದ್ದು ಹಂತ್ಯಾಕ ಕುಂತಿದ್ರು. "ನಿನ್ನ ರೊಟ್ಟಿಗೂ ಉಸಿರು ಹತ್ಯಾದ ತಂಗಿ, ಬಿಡು ಅದಕ," ಅಂದ್ರು. ಖಿಚಡಿ ಎರಡೇ ತುತ್ತು ಉಂಡ್ರು. ತಲಿ ನೋಯಾಕತ್ತದ ಏನ್ರಿ ಅಂತ ಕೇಳಿದೆ. "ನಿಮಗೆಲ್ಲಾರಿಗೂ ನೋಯಾಕತ್ತದ, ನಂದೇನು ಹೆಚ್ಚಿಂದಲ್ಲ," ಅಂದ್ರು. ಅದೂ ಖರೆ ಇತ್ತು. ವೈನಿಯಂತೂ ಡೇರೆ ಹಿಂದ ಹೋಗಿ ಎರಡು ಸಲ ವಾಂತಿ ಮಾಡ್ಕೊಂಡು ಬಂದಿದ್ರು.

ಮುಂಜಾನೆ ಎದ್ದು ನೋಡಿದ್ರ ನೀರಿನ ಪೀಪಾಯಿ ಹೆಪ್ಪುಗಟ್ಟಿತ್ತು. ಕಲ್ಲಿಲೆ ಒಡದು ಚಕ್ಕಿ ಚಕ್ಕಿ ತೆಗೆದು ಹಂಡೆಗೆ ಹಾಕಿದೆ. ಗ್ಯಾಸು ಥಂಡಿಗೆ ಸೋತು, ಉರಿ ಸಣ್ಣ ದೀಪದಷ್ಟೇ ಬರ್ತಿತ್ತು. ಸಿಲಿಂಡರಿಗೆ ಗೋಣಿಚೀಲ ಸುತ್ತಿ, ಮ್ಯಾಲೆ ನನ್ನ ಕೌದಿ ಹೊಚ್ಚಿ, ಕೈಲೆ ತಿಕ್ಕಿದೆ. ಹಂಡೆದಾಗಿನ ಬರ್ಫ ಕರಗೂದ್ರಾಗ ಬೆಳಕು ಹರೀತು, ಮಾಮು ಹಾರ್ನ್ ಹೊಡ್ಯಾಕತ್ತಿದ.

"ಇನ್ನ ಅರ್ಧಾ ತಾಸು ತಡೀ," ಅಂದೆ.

"ಅರ್ಧಾ ತಾಸಿಗೆ ಹಳ್ಳ ನಡಾ ಮಟ್ಟ ಬರ್ತದ. ಗಾಡಿ ನಡಬರಕ ನಿಂತ್ರ ನಾ ಏನ್ ಮಾಡ್ಲಿ?"

ಅಕ್ಕಾರೇ ಎದ್ದು ಬಂದ್ರು. "ಮುಂದಿನ ಮುಕ್ಕಾಮಿನ್ಯಾಗ ಜಳಕ ಮಾಡ್ತೀನಿ. ನನ್ನ ಸಲುವಾಗಿ ಎಲ್ಲಾರೂ ತ್ರಾಸು ಪಡೋದು ಬ್ಯಾಡ."

ಮಾಮು ಬಾಟಲಿ ಮುಂದ ಹಿಡಿದ. "ಅಕ್ಕಾರೆ, ಒಂದು ಗುಟುಕು ಕುಡೀರಿ. ಇಲ್ಲಿ ಕುಡೀದಿದ್ರ ನಡಿಯಾಂಗಿಲ್ಲ."

"ಪೂಜಿ ಆದಮ್ಯಾಲ ಎರಡು ಬಾಟಲಿ ಕುಡೀತೀನಿ ಮಾಮು. ನಡಿ."

"ಅಕ್ಕ ಹುಟ್ಟಾ ಹಂಗ, ಬಿಡು," ಅಂದ್ರು ಸಾವಕಾರ್ರು. ಆ ಮಾತಿನ್ಯಾಗ ಅಭಿಮಾನ ಇತ್ತು. ನನಗೂ ಅಭಿಮಾನನ ಅನಿಸ್ತು, ಸುಳ್ಳ ಯಾಕ ಹೇಳ್ಲಿ. ಇಂಥಾ ಥಂಡ್ಯಾಗೂ ನೇಮ ಬಿಡಾಂಗಿಲ್ಲಲ್ಲ ಅಂತ.

ಹಳ್ಳ ದಾಟಿದ್ವಿ. ಗುಡ್ಡದ ಮೈಮ್ಯಾಲೆ ಹಾವಿನಂಗ ಸುತ್ತೋ ತಿರುವು ಏರಿದ್ವಿ. ಮ್ಯಾಲೆ ಹೋಗಿ ನೋಡಿದ್ರ ಗುಡ್ಡ ಜಾರಿ ರಸ್ತಾ ತುಂಬ ಕಲ್ಲು. ಮುಂದ ಲಾರಿಗೋಳ ಸಾಲು. ಮಶೀನು ಬಂದು ಕಲ್ಲು ಸರಿಸೋತನ ಅಲ್ಲೇ ನಿಂದರಬೇಕಾತು. ಸೂರ್ಯ ತಲಿ ಮ್ಯಾಲೆ ಬಂದ, ಅತ್ತ ಇಳದ, ಮಶೀನು ಇನ್ನಾ ಗುರುಗುಟ್ಟಾಕತ್ತಿತ್ತು. ಬಿಸಿಲಿಗೆ ಮಾರಿ ಸುಡತದ, ನೆರಳಿಗೆ ಹೋದ್ರ ಹಲ್ಲು ಕಟಕಟ ಅಂತಾವ, ಅಂಥಾ ಜಾಗಾ ಅದು.

ನಾ ಒಲಿ ಇಳಿಸಿ ಅಲ್ಲೇ ನೀರು ಕಾಸ್ತೀನಿ ಅಂದೆ. ಎರಡು ಚಾದರ ಅಡ್ಡ ಹಿಡೀತೀವಿ ಅಂದ್ರು ವೈನಿ. ಅಕ್ಕಾರು ಹಿಂದ ಮುಂದ ನೋಡಿದ್ರು, ಎಲ್ಲಾ ಕಡೆ ಲಾರಿ ಡ್ರೈವರ್ರು, ಮೋಟಾರ್ ಸೈಕಲ್ ಹುಡುಗರು. "ಇಷ್ಟು ಗಂಡಸರ ನಡಬರಕ ಜಳಕ ಮಾಡಂತಿ? ಕೊಹಿನೂರದಾಗ ಗೊತ್ತಾದ್ರ ನನ್ನ ಮರ್ಯಾದಿ ಏನಾಗಬೇಕು?" ಅಂತ ನಗಿಸಿದ್ರು. ನಗುವಾಗ ತುಟಿ ಸೀಳಿ ರಕ್ತ ಬಂತು, ಸೆರಗಿಲೆ ಒರಸಿಕೊಂಡ್ರು. ತಲಿ ಹಿಡಕೊಂಡು ಕಣ್ಣು ಮುಚ್ಚಿ ಕುಂತ್ರು. ನಾವು ನಾಕೂ ಮಂದಿ ಅಂದದ್ದು ಒಂದೇ ಮಾತು, ಪೂಜಿ ಆಗಿಲ್ಲ, ಅದಕ ಸುಸ್ತು.

ಪಾಂಗ್ ಅನ್ನೋ ಮುಕ್ಕಾಮು ಮುಟ್ಟಿದಾಗ ಹೊತ್ತು ಮುಳುಗಾಕ ಬಂದಿತ್ತು. ಅಲ್ಲಿ ಡೇರೆ ಹೋಟೆಲ್ ನಡಸೋ ಹೆಣ್ಮಗಳಿಗೆ ಕೈಸನ್ನಿ ಮಾಡಿ ತಿಳಿಸಿ ಹೇಳಿದೆ. ಆಕಿ ತನ್ನ ಒಲಿ ಬಿಟ್ಟುಕೊಟ್ಟಳು, ಒಲಿ ಹಿಂದ ಒಂದು ಮೂಲಿ ತೆರವು ಮಾಡಿದಳು. ಅಕ್ಕಾರ ಜಳಕ ಆತು. ಲಿಂಗ ಅಂಗೈಯಾಗ ಹಿಡದು ಕುಂತ್ರು, ಆ ಹೆಣ್ಮಗಳೂ ಕೈ ಜೋಡಿಸಿ ನಿಂತಿದ್ದಳು. ಪೂಜಿ ಮುಗಿಸಿ ಗಟಗಟ ನೀರು ಕುಡದು, ತೆಳ್ಳನ ಗಂಜಿ ಕುಡದು, "ಈಗ ತಲಿ ಹಗುರಾತು ನೋಡು," ಅಂದ್ರು.

ನಮಗೆಲ್ಲಾ ಹೋದ ಜೀವ ಬಂದಂಗಾತು. ಸಾವಕಾರ್ರು ಅಕ್ಕನ ಕಾಲು ಒತ್ತಿಕೋತ, ನಾಳಿ ಲೇಹ್ ಮುಟ್ಟಿಂದ ಏನೇನು ನೋಡೋದು ಅಂತ ಹೇಳಾಕತ್ತಿದ್ರು. ಆ ಸಮಾಧಾನಾನೇ ನಮಗ ಮೋಸ ಮಾಡ್ತು.

ಮರುದಿನ ಮುಂಜಾನೆ ನೀರು ಕಾಯ್ದಿತ್ತು. ಎಬ್ಬಿಸಾಕ ಹೋದೆ. ಅಕ್ಕಾರು ಎದ್ದು ಕುಂತು ಜಳಕಕ್ಕಿಂತ ಮೊದಲೇ ವಿಭೂತಿ ಕೈಗೆ ತಗೊಂಡ್ರು. ಹಂಗ ಅವ್ರು ಎಂದೂ ಮಾಡಿದ್ದಿಲ್ಲ. ಮೂರು ಬೆರಳು ಹಣಿಗೆ ಒಯ್ದ್ರು, ಬೆರಳು ಹಣಿ ತಪ್ಪಿ ಕಿವಿ ಕಡೆ ಹೋದ್ವು. ಮತ್ತ ಒಯ್ದ್ರು, ಗಲ್ಲದ ಮ್ಯಾಲೆ ಅಡ್ಡಾದಿಡ್ಡಿ ಗೆರಿ ಬಿತ್ತು. ಕಣ್ಣು ಮುಚ್ಚಿ ಹಚ್ಚಿದ್ರೂ ನೂಲು ಹಿಡದಂಗ ಹಚ್ಚೋ ಕೈ ಅದು.

"ಅಕ್ಕಾರೆ," ಅಂದೆ.

ನನ್ನ ಮಾರಿ ನೋಡಿ, "ಅವ್ವಾ, ತಮ್ಮಗ ಹಾಲು ಕೊಟ್ಟಿ?" ಅಂದ್ರು.

ಹೊರಗ ಓಡಿ ಸಾವಕಾರ್ರನ್ನ ಕರದೆ. "ನಿನ್ನಿ ಇಡೀ ದಿನದ ಉಪವಾಸ, ಸುಸ್ತಿಗೆ ಹಂಗ ಮಾತಾಡ್ತಾಳ. ಜಳಕ ಮಾಡ್ಸು, ಪೂಜಿ ಆದ್ರ ಸರಿ ಹೋಗ್ತಾಳ," ಅಂದ್ರು. ಮಾಮು ಬಂದು ಬಾಗಲಾಗ ನಿಂತು ನೋಡಿದ. "ಸಾವಕಾರ್, ಅಕ್ಕಾರನ್ನ ನಾಕು ಹೆಜ್ಜಿ ನಡಸ್ರಿ." ನಡಸಿದ್ವಿ. ಕುಡದವರು ನಡದಂಗ ಒಂದು ಕಾಲು ಅತ್ತ, ಒಂದು ಕಾಲು ಇತ್ತ. "ಇದು ಉಪವಾಸದ್ದಲ್ರಿ. ಫೌಜಿನವರ ದವಾಖಾನಿ ಇಲ್ಲೇ ಅದ, ಎತ್ತಿಕೊಳ್ರಿ," ಅಂದ ಮಾಮು.

ಆ ದವಾಖಾನಿ ಡಾಕ್ಟರು ಸಣ್ಣ ವಯಸ್ಸಿನವರು. ರಕ್ತದಾಗಿನ ಆಕ್ಸಿಜನ್ ಅಳೆಯೋ ಚಿಮಟಿಗಿ ಬೆರಳಿಗೆ ಹಾಕಿ ನೋಡಿದ್ರು, ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ್ರು. ಮೂಗಿಗೆ ಆಕ್ಸಿಜನ್ ಮುಖವಾಡ ಹಾಕಿ, ತೋಳಿಗೆ ಸೂಜಿ ಚುಚ್ಚಿದ್ರು. ಎತ್ತರಕ್ಕ ಮಿದುಳು ಬಾವು ಬಂದದ, ಒಳಗ ನೀರು ತುಂಬಾಕತ್ತದ, ಅಂತ ಹಿಂದಿಯೊಳಗ ಹೇಳಿದ್ರು. ಎಂದಲಿಂದ ತಲಿನೋವು ಅಂತ ಕೇಳಿದ್ರು. ಸಾವಕಾರ್ರು ಪೂಜಿ, ಜಳಕ, ಉಪವಾಸ ಎಲ್ಲಾ ಬಿಡಿಸಿ ಹೇಳಿದ್ರು. ಡಾಕ್ಟರು ಬೈಲಿಲ್ಲ. ಬೈದಿದ್ರ ಛಲೋ ಇತ್ತು.

"ನಮ್ಮ ಅಜ್ಜಿನೂ ಹಿಂಗೇ ವ್ರತ ಮಾಡ್ತಾರ," ಅಂದ್ರು. "ಇದು ಉಪವಾಸಲಿಂದ ಬಂದಿದ್ದಲ್ಲ, ಎತ್ತರಲಿಂದ ಬಂದಿದ್ದು. ಉಪವಾಸ ಇದನ್ನ ಮುಚ್ಚಿ ಇಟ್ಟಿತ್ತು, ಅಷ್ಟೇ. ಈಗ ಇದಕ ಖರೆ ಔಷಧ ಅಂದ್ರ ಕೆಳಗ ಇಳಿಸೋದು."

ಇಳಿಸೋದಾದ್ರೂ ಯಾವ ಕಡೆ? ಪಾಂಗ್ ಅನ್ನೋದು ಎರಡೂ ಕಡೆ ಘಾಟು ಇದ್ದ ತಗ್ಗು, ಹಂಗ ನೋಡಿದ್ರ ಆ ತಗ್ಗೇ ನಮ್ಮ ಕಡೆ ಯಾವ ಗುಡ್ಡಕ್ಕಿಂತಲೂ ಎಷ್ಟೋ ಪಟ್ಟು ಎತ್ತರ. ಹಿಂದ ಹೋದ್ರ ನಿನ್ನಿ ಮೊನ್ನಿ ದಾಟಿದ ಘಾಟು ಎಲ್ಲಾ ಮತ್ತ ಏರಬೇಕು, ಜಾರಿದ ಗುಡ್ಡ ಅದ, ಹಳ್ಳ ಅವ. ಮುಂದ ಹೋದ್ರ ಒಂದೇ ಘಾಟು, ತಂಗ್ಲಾಂಗ್ ಲಾ. ಆದ್ರ ಅದು ಈ ದಾರಿಯಾಗ ಎಲ್ಲಾಕಿಂತ ಎತ್ತರ. ಅದನ್ನ ದಾಟಿದ್ರ ಲೇಹ್‌ತನಕ ಬರೇ ಇಳುಕಲು. ಹೆಲಿಕಾಪ್ಟರಿಗೆ ಡಾಕ್ಟರು ವೈರ್‌ಲೆಸ್ ಮಾಡಿಸಿದ್ರು. ಘಾಟಿನ ಮ್ಯಾಲೆ ಮೋಡ ಕುಂತದ, ಯಾವಾಗ ಸರೀತದ ಹೇಳಾಕ ಬರಾಂಗಿಲ್ಲ, ಅಂತ ಉತ್ತರ ಬಂತು.

ಸಾವಕಾರ್ರು ಮಾಮೂನ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. "ಬರೇ ಏರಿದ್ದಕ್ಕ ಹಿಂಗಾಗ್ಯಾದ ಅಂದ್ರ, ಇನ್ನಾ ಮ್ಯಾಲೆ ಹ್ಯಾಂಗ ಒಯ್ಯಲಿ?"

"ಹಿಂದ ಹೋದ್ರ ಸಂಜೀ ತನಕ ಎತ್ತರದಾಗೇ ಇರ್ತೀವಿ," ಅಂದ ಮಾಮು. "ಮುಂದ ಹೋದ್ರ ಒಂದು ಘಾಟು ಕಷ್ಟ, ಆಮ್ಯಾಲ ಒಂದೊಂದು ತಿರುವಿಗೆ ಒಂದೊಂದು ಅಂಗುಲ ಗಾಳಿ ಸಿಗ್ತದ. ನನ್ನ ಅಮ್ಮಾ ಇದ್ರ ನಾ ಮುಂದ ಒಯ್ತಿದ್ದೆ. ಆದ್ರ ಅಕ್ಕ ನಿಮ್ಮಾಕಿ, ನೀವು ಹೇಳ್ರಿ."

ಸಾವಕಾರ್ರು ಒಳಗ ಹೋಗಿ ಅಕ್ಕನ ಮಾರಿ ನೋಡಿ ಬಂದ್ರು, ಮತ್ತ ಹೋಗಿ ನೋಡಿ ಬಂದ್ರು. ಅಂಗಡ್ಯಾಗ ದಿನಾ ನೂರು ಮಂದಿಗೆ ಒಂದೇ ಮಾತಿಗೆ ದರ ಹೇಳೋ ಮನಿಷಾ. ಕಡೀಕ "ಮುಂದ" ಅಂದ್ರು.

ಹೊಂಡುವಾಗ ಅಕ್ಕಾರು ಕಣ್ಣು ತೆರೆದು "ಪೂಜಿ" ಅಂದ್ರು. ಜಳಕ ಎಲ್ಲಿದು? ಸಾವಕಾರ್ರೇ ವಿಭೂತಿ ತಗೊಂಡು ಅಕ್ಕನ ಹಣಿಗೆ, ತೋಳಿಗೆ ಹಚ್ಚಿದ್ರು. ಕೊರಳಾಗಿನ ಕರಡಿಗಿ ಬಿಚ್ಚಿ ಒಳಗಿನ ಲಿಂಗ ಎಡಗೈಯಾಗ ಇಟ್ಟು, ಕೆಳಗ ತಮ್ಮ ಅಂಗೈ ಹಿಡಿದ್ರು. ಅಕ್ಕಾರು ನೋಡಿದ್ರು, ತುಟಿ ಅಲುಗಾಡಿದ್ವು. ಆತು ಪೂಜಿ. ನಾ ಓಡಿ ಹೋಗಿ ಉಗುರುಬೆಚ್ಚಗಿನ ನೀರು ತಂದೆ. ಡಾಕ್ಟರು ಕೈ ಅಡ್ಡ ಹಿಡಿದ್ರು. ಎಚ್ಚರ ಸರಿ ಇಲ್ಲ, ಈಗ ಬಾಯಾಗ ನೀರು ಹಾಕಿದ್ರ ಉಸಿರಿನ ದಾರಿಗೆ ಹೋಗ್ತದ ಅಂದ್ರು. ಆ ಲೋಟ ಹಿಡಕೊಂಡು ನಾ ಅಲ್ಲೇ ನಿಂತೆ. ಕುಡೀರಿ ಅಂದಾಗ ಪೂಜಿ ಇರಲಿಲ್ಲ, ಪೂಜಿ ಆದಾಗ ಕುಡಿಸಬ್ಯಾಡ ಅಂತಾರ. ಯಾರ ಮ್ಯಾಲೆ ಸಿಟ್ಟು ಮಾಡಬೇಕೋ ತಿಳೀಲಿಲ್ಲ.

ನಡುವಿನ ಸೀಟಿನ್ಯಾಗ ಅಕ್ಕಾರನ್ನ ಮಲಗಿಸಿದ್ವಿ. ತಲಿ ಸಾವಕಾರ್ರ ತೊಡಿ ಮ್ಯಾಲೆ, ಮುಖವಾಡ ಅವರೇ ಹಿಡಿದ್ರು. ವೈನಿ ಹಿಂದಿನ ಸೀಟಿನ್ಯಾಗ ತಲಿ ಎತ್ತಲಾರದಂಗ ಬಿದ್ದಿದ್ರು. ಫೌಜಿನವರು ಕೊಟ್ಟ ಆಕ್ಸಿಜನ್ ಸಿಲಿಂಡರು ನನ್ನ ಕಾಲಾಗ, ಮುಂದಿನ ಸೀಟಿನ ಕೆಳಗ. ಅದರ ಮುಳ್ಳು ನೋಡ್ಕೊಂಡು ಕುಂದ್ರೋದು, ಡಾಕ್ಟರು ತೋರಿಸಿದ ಗೆರಿಕಿಂತ ಕೆಳಗ ಬಂದ್ರ ಮಾಮೂಗ ಹೇಳೋದು, ಇದು ನನ್ನ ಕೆಲಸ. ಎರಡು ತಾಸು ಆ ಮುಳ್ಳಿನ ಮ್ಯಾಲಿಂದ ನಾ ಕಣ್ಣು ತೆಗೆದಿದ್ದು ಭಾಳ ಕಮ್ಮಿ. ಹೊರಗ ಏನೇನು ಛಂದ ಇತ್ತೋ, ದೇವರಿಗೇ ಗೊತ್ತು.

ಬಯಲು ಮುಗದು ಏರು ಸುರು ಆತು. ಗಾಡಿಗೂ ಗಾಳಿ ಸಾಲದೇ ಇಂಜಿನ್ ಕೆಮ್ಮತಿತ್ತು, ಮಾಮು ಒಂದನೇ ಗೇರಿನ್ಯಾಗ ಸವಕಾಶ ಏರಿಸ್ತಿದ್ದ. ಎಡಕ್ಕ ನೋಡಿದ್ರ ಕಂದಕ. ಕುಣಿ ಬಂದಾಗ ಅಕ್ಕಾರಿಗೆ ಧಕ್ಕಾ ಹತ್ತಬಾರದು ಅಂತ ಬ್ರೇಕ್ ಹಿಡದು ಹಿಡದು ಇಳಿಸ್ತಿದ್ದ. ಹಂಗ ಗಾಡಿ ಓಡಿಸಿದ್ದು ನಾ ಎಲ್ಲೂ ನೋಡಿಲ್ಲ.

ಘಾಟಿನ ತುದಿ ಬಂತು. ಬಣ್ಣದ ಪತಾಕಿ ಪಟಪಟ ಅಂತಿದ್ವು, ನಾಕೈದು ಗಾಡಿ ನಿಂತು ಮಂದಿ ಫೋಟೋ ತೆಗಿಸ್ಕೋತಿದ್ರು. ಮಾಮು ಕನ್ನಡಿಯೊಳಗ ಹಿಂದ ನೋಡಿದ. "ತುದಿ ಬಂತ್ರಿ ಸಾವಕಾರ್. ಅಕ್ಕಾರು ಹ್ಯಾಂಗದಾರ?"

ಸಾವಕಾರ್ರು "ಓಡ್ಸು," ಅಂದ್ರು. "ಎಲ್ಲೂ ನಿಂದರಬ್ಯಾಡ. ಓಡ್ಸು."

ಮಾಮು ಓಡ್ಸಿದ. ಒಂದು ತಿರುವು ಇಳದ್ರ ಇನ್ನೊಂದು, ಅದು ಇಳದ್ರ ಮತ್ತೊಂದು. ನನ್ನ ಕಿವಿ ಟಪ್ ಅಂತ ಬಿಚ್ಚಿದ್ವು. ಉಸಿರು ಸಲೀಸ ಆತು. ಹಿಂದ ತಿರುಗದೇ, "ಇಳೀತಾ ಇದ್ದೀವಿ ಅಕ್ಕಾರೆ, ಇನ್ನ ಸ್ವಲ್ಪ, ಗಾಳಿ ದಪ್ಪ ಆಗಾಕತ್ತದ," ಅಂತ ಒಂದೇ ಸವನ ಮಾತಾಡ್ಕೋತ ಹೋದೆ. ಎಷ್ಟೋ ಹೊತ್ತಿಗೆ ಹಸರು ಕಾಣ್ತು. ಒಂದು ಸಣ್ಣ ಊರು, ನಾಕು ಮನಿ, ಬಾಜೂಕ ಹೊಲ, ಹರಿಯೋ ನೀರು. ನನಗ ಅಳು ಬಂತು ಸಂತೋಷಕ್ಕ. ಬದುಕಿದ್ವಿ ಅನ್ಕೊಂಡೆ.

"ಮಾಮು, ಒಂದು ಮಿನೀಟು ನಿಂದ್ರಸು. ಅರಿವಿ ತೋಯಿಸಿ ಅಕ್ಕಾರ ತುಟಿ ಒರಸ್ತೀನಿ."

"ಬ್ಯಾಡ, ಓಡ್ಸು," ಅಂದ್ರು ಸಾವಕಾರ್ರು ಹಿಂದಲಿಂದ. ಆದ್ರ ಮಾಮು ಅಷ್ಟರೊಳಗ ನಿಂದ್ರಿಸಿದ್ದ. ನಾ ಸೆರಗಿನ ತುದಿ ತೋಯಿಸ್ಕೊಂಡು ಬಂದು ನಡುವಿನ ಬಾಗಲು ತೆಗೆದೆ. ಅಕ್ಕಾರ ಗಲ್ಲಕ್ಕ ಕೈ ಹಚ್ಚಿದೆ. ಅಡಿಗಿಯಾಕಿ ಕೈ ನಂದು. ಯಾವ ಪಾತ್ರಿ ಒಲಿ ಇಳಿದು ಎಷ್ಟು ಹೊತ್ತಾತು ಅಂತ ಮುಟ್ಟಿದ ಕೂಡ್ಲೇ ತಿಳೀತದ.

"ಸಾವಕಾರ್ರೆ," ಅಂದೆ.

"ಮಲಗ್ಯಾಳ. ಬಾಗಲಾ ಹಾಕು, ಗಾಳಿ ಬರ್ತದ." ಮುಖವಾಡ ಇನ್ನಾ ಹಿಡದೇ ಇದ್ರು.

ಮಾಮು ಬಂದು ನೋಡಿದ. ತಲಿ ಮ್ಯಾಲಿನ ಟೋಪಿ ತೆಗದು ಹಿಡಕೊಂಡ, ಮತ್ತ ಹೋಗಿ ಗಾಡಿ ಚಾಲೂ ಮಾಡಿದ. ವೈನಿ ಹಿಂದ ಎದ್ದು ಕುಂತು, ನನ್ನ ಮಾರಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡ್ರು.

ಗಾಡಿ ಹೊಂಟಿತ್ತು. ನಾ ಒಳಗೊಳಗ ಒದ್ದಾಡಾಕತ್ತಿದ್ದೆ. ನಮ್ಮೊಳಗ ಹೋದವರನ್ನ ಮಲಗಿಸಿ ಮಣ್ಣು ಮಾಡಾಂಗಿಲ್ಲ. ಕಾಲು ಮಡಚಿ, ಬೆನ್ನು ನೆಟ್ಟಗ ಮಾಡಿ, ಎಡಗೈಯಾಗ ಲಿಂಗ ಇಟ್ಟು ಕುಂದರಸಬೇಕು. ಮೈ ಬಿಸಿ ಇದ್ದಾಗೇ ಕುಂದರಸಬೇಕು, ಸೆಟದ ಮ್ಯಾಲ ಆಗಾಂಗಿಲ್ಲ. ಅಂಥ ಹೊತ್ತಿನ್ಯಾಗ ಮನಿ ಮಂದಿ ಅಳಾಕ ಹತ್ತಿದ್ರೂ ಒಬ್ಬರು ಮನಸು ಕಲ್ಲು ಮಾಡ್ಕೋಬೇಕು. ಊರಾಗಾದ್ರ ಹಿರಿಯರು ಇರ್ತಾರ. ಇಲ್ಲಿ ಯಾರು? ಇವ್ರು ಇನ್ನಾ ಮುಖವಾಡ ಹಿಡದಾರ.

ಸ್ವಲ್ಪ ದೂರ ಹೋಗಿಂದ ಅಂದೆ. "ಸಾವಕಾರ್ರೆ, ಅಕ್ಕಾರನ್ನ ಕುಂದರಸೂಣು."

"ನಿನ್ನ ಕೆಲಸ ನೀ ನೋಡು. ಅಕ್ಕಗ ಕೈ ಹಚ್ಚಬ್ಯಾಡ."

ನದಿ ಬಂತು, ಸೇತುವೆ ದಾಟಿದ್ವಿ. ನನ್ನ ಬಾಯಿ ಮೊದಲೇ ಗಡಸು, ಅವತ್ತು ಅದೇ ಉಪಯೋಗಕ್ಕ ಬರಬೇಕಾತು. "ಸಿಟ್ಟು ಮಾಡ್ರಿ, ಇಲ್ಲೇ ಇಳಿಸಿ ಹೋಗ್ರಿ, ಆದ್ರ ಕೇಳ್ರಿ. ಇನ್ನೊಂದು ತಾಸು ಹೋದ್ರ ಆ ಕಾಲು ಮಡಚಾಂಗಿಲ್ಲ. ಆಮ್ಯಾಲ ಕುಂದರಸಬೇಕಂದ್ರ ಮುರೀಬೇಕಾಗ್ತದ. ನಿಮ್ಮನ್ನ ಹೊತ್ತ ಅಕ್ಕನ ಕಾಲು ನಿಮ್ಮ ಕಣ್ಣ ಮುಂದ ಮುರಿಸ್ತೀರೇನು?"

ವೈನಿ ಬಿಕ್ಕಿದ್ರು. ಸಾವಕಾರ್ರು ನನ್ನ ಕಡೆ ನೋಡಿದ ನೋಟ ನಾ ಸಾಯೋತನ ಮರಿಯಾಂಗಿಲ್ಲ. ಆಮ್ಯಾಲ ಮಾಮೂಗ, "ಬಾಜೂಕ ಹಚ್ಚು," ಅಂದ್ರು.

ನಾ ಹಿಡಿಯಾಕ ಹೋದೆ, ಬ್ಯಾಡ ಅಂದ್ರು. ಮುಖವಾಡ ತೆಗದು ಮಡಚಿ ಬಾಜೂಕ ಇಟ್ರು. ಅಕ್ಕನ ಬೆನ್ನ ಹಿಂದ ಕೈ ಹಾಕಿ ಎಬ್ಬಿಸಿ, ಒಂದು ಕಾಲು ಮಡಚಿದ್ರು, ಇನ್ನೊಂದು ಮಡಚಿದ್ರು. "ಕುಂದ್ರು ಅಕ್ಕ," ಅಂದ್ರು ಮೆಲ್ಲಕ. ಸೀರಿ ಸರಿ ಮಾಡಿ ಪಾದ ಮುಚ್ಚಿದ್ರು. ನಾ ಕೌದಿ ಕೊಟ್ಟೆ, ಬೆನ್ನಿಗೆ ಒತ್ತು ಕೊಟ್ಟು, ನನ್ನ ಇನ್ನೊಂದು ಸೀರಿಲೆ ಸೀಟಿಗೆ ಸೇರಿಸಿ ಬಿಗಿದ್ವಿ. ಲಿಂಗ ಎಡಗೈಯಾಗ ಇಟ್ಟು ಬೆರಳು ಮುಚ್ಚಿದ್ರು. ಬೆರಳು ಆಗಲೇ ಬಿರುಸ ಆಗಿದ್ವು, ಒಂದೊಂದಾಗಿ ಮುಚ್ಚಬೇಕಾತು.

ಲೇಹ್ ದವಾಖಾನಿ ಮುಟ್ಟಿದಾಗ ಅಲ್ಲಿನ ಮಂದಿ ಪೇಶಂಟ್ ಮಲಗಿಸೋ ಗಾಡಿ ತಳ್ಕೊಂಡು ಓಡಿ ಬಂದ್ರು. ಬಾಗಲು ತೆಗೆದು, ಕುಂತ ಅಕ್ಕಾರನ್ನ ನೋಡಿ, ಅಲ್ಲೇ ನಿಂತ್ರು. ಒಬ್ರು ಹೆಣ್ಮಗಳು ಡಾಕ್ಟರು ಬಂದು ಕುತಗಿ ಮುಟ್ಟಿ, ಕಣ್ಣು ನೋಡಿ, ತಲಿ ಅಲ್ಲಾಡಿಸಿದ್ರು. ಸಾವಿನ ಕಾಗದ ಮಾಡಬೇಕಿತ್ತಲ್ಲ, ಯಾವಾಗ ಆತು ಅಂತ ಹಿಂದಿಯೊಳಗ ಕೇಳಿದ್ರು.

ನಾ ಮುಂದ ಬಂದು ಹೇಳಿದೆ. ಘಾಟು ಇಳಿದ ಮ್ಯಾಲ ಒಂದು ಊರು ಬರ್ತದ, ಹೊಲ ಅದ, ನೀರು ಅದ, ಅಲ್ಲಿ ನಾ ನೋಡಿದೆ ಅಂದೆ.

"ಅಲ್ಲ," ಅಂದ್ರು ಸಾವಕಾರ್ರು.

ನಾ ತಿರುಗಿ ನೋಡಿದೆ. ಅಕ್ಕನ ಹೆಗಲ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ರು. "ಅಲ್ಲೆಲ್ಲ ಅಲ್ಲ. ಮ್ಯಾಲೇ ಆತು. ಪತಾಕಿ ಇನ್ನಾ ಮುಂದ ಇದ್ವು. ನನ್ನ ಬೆರಳು ಹಿಡದಿದ್ದಳು, ಬಿಟ್ಟಳು."

ಮಾಮು ಒಂದು ಹೆಜ್ಜಿ ಮುಂದ ಬಂದ. "ಸಾವಕಾರ್, ಅಲ್ಲೇ ನಿಮಗ ಕೇಳಿದ್ದೆನಲ್ರಿ ನಾ."

"ಕೇಳಿದ್ದಿ ಮಾಮು. ಹೇಳಿದ್ರ ನೀ ಗಾಡಿ ನಿಂದರಸ್ತಿದ್ದಿ." ಅಕ್ಕನ ಹೆಗಲ ಮ್ಯಾಲಿನ ಸೆರಗು ಸರಿ ಮಾಡಿದ್ರು. "ನೀ ಓಡಸೋತನ ಆಕಿನ್ನ ಇಳಿಸಿಕೊಂಡು ಹೊಂಟೀನಿ ಅಂತ ಅನಿಸ್ತಿತ್ತು ನೋಡು ನನಗ."